ಕಂಡೆನ್ಸರ್‌ಗಳ ಪಾಲುಪಟ್ಟಿ

ಶಿರಾ ತಾಲ್ಲೂಕಿನ ಒಂದು ಹೋಬಳಿಯ ಹೆಸರು ಹುಲಿಕುಂಟೆ. ಕುಂಟೆ ಎಂದರೆ ನಮ್ಮ ಬಯಲುಸೀಮೆಯಲ್ಲಿ ಮಳೆಯ ನೀರು ನಿಲ್ಲುವ ತಗ್ಗು. ಕೆರೆಗಿಂತ ಕಿರಿದು, ಗುಂಡಿಗಿಂತ ಹಿರಿದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಮಳೆಯೂ ನಂಬಿಕಸ್ತನಲ್ಲ. ಹಾಗಾಗಿ ಯಾವ ಕುಂಟೆಯಲ್ಲಿ ಎಷ್ಟು ನೀರು ಹಿಡಿಯುತ್ತದೆ, ಎಷ್ಟು ಮೊಳ ಆಳ ನಿಂತಿದೆ ಎಂಬ ಲೆಕ್ಕ ಇಲ್ಲಿನ ಹಿರಿಯರಿಗೆ ಬಾಯಿಪಾಠ. ಹೇಮಾವತಿಯ ನೀರು ಕಳ್ಳಂಬೆಳ್ಳ ಕೆರೆಗೆ ಬಂದು, ಅಲ್ಲಿಂದ ಶಿರಾ ಕೆರೆಗೆ, ಮುಂದೆ ಮದಲೂರು ಕೆರೆಗೆ ಹರಿಯಬೇಕೆಂಬ ಮಾತು ಬಂದಾಗಲೆಲ್ಲ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಏಳುವುದೂ ಎಲ್ಲರಿಗೂ ಗೊತ್ತಿರುವ ಸಂಗತಿಯೇ.

ಇದೇ ಪಾಲಿನ ಲೆಕ್ಕ ದ್ವಿತೀಯ ಪಿಯುಸಿಯ ಭೌತವಿಜ್ಞಾನದಲ್ಲಿ ಬೇರೊಂದು ವೇಷದಲ್ಲಿ ಬರುತ್ತದೆ. ಅಲ್ಲಿ ಕುಂಟೆಯ ಜಾಗದಲ್ಲಿ ಕೆಪಾಸಿಟರ್ ಇರುತ್ತದೆ. ನೀರಿನ ಜಾಗದಲ್ಲಿ ವಿದ್ಯುತ್ತು. ಕನ್ನಡದ ಪಾಠಪುಸ್ತಕ ಇದನ್ನು ‘ಧಾರಕ’ ಎನ್ನುತ್ತದೆ. ಹಳ್ಳಿಯ ಮೋಟಾರು ಮೆಕ್ಯಾನಿಕ್ಕು ‘ಕಂಡೆನ್ಸರ್’ ಎನ್ನುತ್ತಾನೆ. ಎರಡೂ ಒಂದೇ. ಕೊಳವೆ ಬಾವಿಯ ಪಕ್ಕ ಕಂಬಕ್ಕೋ ಗೋಡೆಗೋ ಬಿಗಿದ ತಗಡಿನ ಪೆಟ್ಟಿಗೆಯನ್ನು ನೀವು ನೋಡಿದ್ದೀರಿ. ಅದರೊಳಗೆ ಸ್ಟಾರ್ಟರಿನ ಪಕ್ಕದಲ್ಲಿ ಡಬ್ಬಿಯಂತೆ ಕೂತಿರುವ ವಸ್ತುವೇ ಕಂಡೆನ್ಸರ್. ಮಕ್ಕಳು ಪರೀಕ್ಷೆಗೆಂದು ಉರುಹೊಡೆಯುವ ಸೂತ್ರವೂ, ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಅದೇ ಮಕ್ಕಳು ಬ್ಯಾಟರಿ ಹಿಡಿದು ಹೋಗಿ ತೆರೆಯುವ ಪೆಟ್ಟಿಗೆಯೂ ಒಂದೇ ವಿಷಯಕ್ಕೆ ಸೇರಿದವು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಸೂತ್ರ ತಪ್ಪಿದರೆ ಹೋಗುವುದು ನಾಲ್ಕೈದು ಅಂಕ. ಪೆಟ್ಟಿಗೆಯ ಮುಂದೆ ತಪ್ಪಿದರೆ ಹೋಗುವುದು ಅದಕ್ಕಿಂತ ದೊಡ್ಡದು. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ಕುಂಟೆಯ ಅಗಲ, ನೀರಿನ ಆಳ

ಧಾರಕದ ರಚನೆ ಸರಳ. ಎರಡು ಲೋಹದ ಹಾಳೆಗಳು. ಅವುಗಳ ನಡುವೆ ವಿದ್ಯುತ್ ಹರಿಯಗೊಡದ ಒಂದು ತೆಳು ಪದರ. ಪಂಪಿನ ಕಂಡೆನ್ಸರಿನಲ್ಲಿ ಪ್ಲಾಸ್ಟಿಕ್ ಹಾಳೆಗೆ ತೀರಾ ತೆಳುವಾಗಿ ಲೋಹ ಲೇಪಿಸಿ, ಚಾಪೆಯಂತೆ ಸುರುಳಿ ಸುತ್ತಿ ಡಬ್ಬಿಯೊಳಗೆ ಇಟ್ಟಿರುತ್ತಾರೆ. ಬ್ಯಾಟರಿಗೆ ಜೋಡಿಸಿದಾಗ ಒಂದು ಹಾಳೆಯ ಮೇಲೆ ಧನ ಆವೇಶವೂ ಇನ್ನೊಂದರ ಮೇಲೆ ಅಷ್ಟೇ ಋಣ ಆವೇಶವೂ ಸೇರಿಕೊಳ್ಳುತ್ತದೆ. ಬ್ಯಾಟರಿ ತೆಗೆದರೂ ಅವು ಹಾಗೆಯೇ ನಿಂತಿರುತ್ತವೆ. ಒಂದನ್ನೊಂದು ಸೆಳೆಯುತ್ತಿದ್ದರೂ ನಡುವಿನ ಪದರ ದಾಟಲು ಬಿಡುವುದಿಲ್ಲ.

ಈಗ ನೆಟ್ಟಗಿನ ಗೋಡೆಗಳಿರುವ ಒಂದು ಕುಂಟೆಯನ್ನು ಕಲ್ಪಿಸಿಕೊಳ್ಳಿ. ಅದರಲ್ಲಿರುವ ನೀರೆಷ್ಟು? ತಳದ ಅಗಲವನ್ನು ಆಳದಿಂದ ಗುಣಿಸಿದಷ್ಟು. ಧಾರಕದ ಲೆಕ್ಕವೂ ಹೀಗೆಯೇ: ಆವೇಶ = ಧಾರಕತೆ × ವೋಲ್ಟೇಜು. ಆವೇಶ ಎಂದರೆ ನೀರಿನ ಪ್ರಮಾಣ, ಧಾರಕತೆ ಎಂದರೆ ಕುಂಟೆಯ ತಳದ ಅಗಲ, ವೋಲ್ಟೇಜು ಎಂದರೆ ನೀರಿನ ಮಟ್ಟ. ‘ದೊಡ್ಡ ಕೆಪಾಸಿಟರ್’ ಎಂದ ಮಾತ್ರಕ್ಕೆ ಅದರಲ್ಲಿ ವೋಲ್ಟೇಜು ಹೆಚ್ಚಿರುತ್ತದೆ ಎಂದೇನಿಲ್ಲ. ದೊಡ್ಡ ಕೆರೆಯಲ್ಲಿ ಬರಗಾಲದ ದಿನ ಗೇಣುದ್ದ ನೀರೂ ಇರಬಹುದು. ಕಿರಿದಾದ ಬಾವಿಯಲ್ಲಿ ಮೂರಾಳು ನೀರೂ ಇರಬಹುದು.

ಧಾರಕದಲ್ಲಿ ಕೂಡಿಟ್ಟ ಶಕ್ತಿ ಮಾತ್ರ ಆವೇಶ × ವೋಲ್ಟೇಜು ಅಲ್ಲ, ಅದರ ಅರ್ಧ. ಏಕೆ? ಖಾಲಿ ಕುಂಟೆಗೆ ಮೊದಲ ಕೊಡ ನೀರು ಹಾಕುವಾಗ ಅದನ್ನು ಎತ್ತರಿಸುವ ಪ್ರಮೇಯವೇ ಇಲ್ಲ. ಮಟ್ಟ ಏರುತ್ತಾ ಹೋದಂತೆ ಪ್ರತಿ ಕೊಡವನ್ನೂ ಹೆಚ್ಚು ಹೆಚ್ಚು ಎತ್ತಬೇಕು. ಕೊನೆಯ ಕೊಡಕ್ಕೆ ಮಾತ್ರ ಪೂರ್ತಿ ಎತ್ತರ. ಸರಾಸರಿ ತೆಗೆದರೆ ಅರ್ಧ ಎತ್ತರ. ಆ ‘ಅರ್ಧ’ ಎಲ್ಲಿಂದ ಬಂತೆಂದು ಕೇಳುವ ಮಗುವಿಗೆ ಇಷ್ಟು ಹೇಳಿದರೆ ಸಾಕು.

ತೂಬು ತೆರೆದಾಗ

ಒಂದೇ ಮಟ್ಟದ ಬಯಲಿನಲ್ಲಿ ಎರಡು ಕುಂಟೆಗಳಿವೆ ಎನ್ನಿ. ಒಂದು ತುಂಬಿದೆ, ಒಂದು ಬರಿದು. ನಡುವಿನ ಕಾಲುವೆಯ ತೂಬನ್ನು ತೆರೆದರೆ ಏನಾಗುತ್ತದೆ? ಎರಡರಲ್ಲೂ ಮಟ್ಟ ಒಂದೇ ಆಗುವವರೆಗೆ ನೀರು ಹರಿದು ನಿಲ್ಲುತ್ತದೆ. ಒಟ್ಟು ನೀರು ಮೊದಲೆಷ್ಟಿತ್ತೋ ಅಷ್ಟೇ.

ಇಷ್ಟರಲ್ಲಿ ಇಡೀ ಪಾಠ ಅಡಗಿದೆ. ಸಮನಾಗುವುದು ಮಟ್ಟ, ನೀರಲ್ಲ. ಧಾರಕಗಳಲ್ಲಿ ಸಮನಾಗುವುದು ವೋಲ್ಟೇಜು, ಆವೇಶವಲ್ಲ. ಅಣ್ಣತಮ್ಮಂದಿರ ಪಾಲಿನಂತೆ ಸಮ ಸಮ ಹಂಚಿಕೆ ಇಲ್ಲಿಲ್ಲ. ಅಗಲ ಹೆಚ್ಚಿದ್ದವನಿಗೆ ಹೆಚ್ಚು ಪಾಲು. ಎರಡೂ ಧಾರಕಗಳು ಒಂದೇ ಅಳತೆಯವಾಗಿದ್ದರೆ ಮಾತ್ರ ಅರ್ಧರ್ಧ.

ಒಂದು ಲೆಕ್ಕ ಮಾಡೋಣ. 40 ಮೈಕ್ರೊಫ್ಯಾರಡಿನ ಧಾರಕವನ್ನು 300 ವೋಲ್ಟಿಗೆ ತುಂಬಿಸಿ, ಮೂಲದಿಂದ ಬಿಡಿಸಿ, 20 ಮೈಕ್ರೊಫ್ಯಾರಡಿನ ಖಾಲಿ ಧಾರಕಕ್ಕೆ ಜೋಡಿಸಿದೆವು. ಮೊದಲಿದ್ದ ಆವೇಶ 40 × 300 = 12,000 ಮೈಕ್ರೊಕೂಲಂ. ಈಗ ಒಟ್ಟು ಅಗಲ 60. ಆದ್ದರಿಂದ ಹೊಸ ಮಟ್ಟ 12,000 ÷ 60 = 200 ವೋಲ್ಟ್. ದೊಡ್ಡದರಲ್ಲಿ 8,000, ಚಿಕ್ಕದರಲ್ಲಿ 4,000 ಮೈಕ್ರೊಕೂಲಂ. ಲೆಕ್ಕ ಸರಿಹೋಯಿತು.

ಎರಡನೆಯದೂ ಖಾಲಿಯಿರದೆ 150 ವೋಲ್ಟಿಗೆ ತುಂಬಿದ್ದರೆ? ಧನಕ್ಕೆ ಧನ, ಋಣಕ್ಕೆ ಋಣ ಸೇರಿಸಿದರೆ ಒಟ್ಟು ಆವೇಶ 12,000 + 3,000 = 15,000; ಮಟ್ಟ 250 ವೋಲ್ಟ್. ತಿರುಗುಮುರುಗಾಗಿ ಸೇರಿಸಿದರೆ ಕೂಡುವ ಬದಲು ಕಳೆಯಬೇಕು: 12,000 – 3,000 = 9,000; ಮಟ್ಟ 150 ವೋಲ್ಟ್. ಒಂದೇ ಅಳತೆಯ, ಒಂದೇ ವೋಲ್ಟೇಜಿನ ಎರಡನ್ನು ತಿರುಗುಮುರುಗಾಗಿ ಸೇರಿಸಿದರಂತೂ ಒಂದು ಕಿಡಿ ಹಾರಿ ಎರಡೂ ಬರಿದಾಗುತ್ತವೆ. ಕುಂಟೆಯ ಹೋಲಿಕೆ ಇಲ್ಲಿಗೆ ಕೈಕೊಡುತ್ತದೆ, ಏಕೆಂದರೆ ಋಣ ನೀರು ಎಂಬುದಿಲ್ಲ. ಹೋಲಿಕೆ ಊರುಗೋಲಿದ್ದಂತೆ, ಎಲ್ಲಿಯವರೆಗೆ ಊರುತ್ತದೋ ಅಲ್ಲಿಯವರೆಗೆ ಹಿಡಿದು ನಡೆಯಬೇಕು.

ಪ್ರಶ್ನೆಪತ್ರಿಕೆಯಲ್ಲಿ ಇಂಥ ಲೆಕ್ಕ ಬಂದಾಗ ವಿದ್ಯಾರ್ಥಿಗಳು ಮೊದಲು ಹುಡುಕಬೇಕಾದ ಮಾತು ಒಂದೇ: ‘ಬ್ಯಾಟರಿಯಿಂದ ಬೇರ್ಪಡಿಸಿ’. ಬೇರ್ಪಡಿಸಿದ್ದರೆ ಆವೇಶ ಬದಲಾಗದು, ವೋಲ್ಟೇಜು ಬದಲಾಗುತ್ತದೆ. ಬ್ಯಾಟರಿ ಅಂಟಿಕೊಂಡೇ ಇದ್ದರೆ ವೋಲ್ಟೇಜು ಬದಲಾಗದು, ಬೇಕಾದಷ್ಟು ಆವೇಶವನ್ನು ಬ್ಯಾಟರಿಯೇ ಒದಗಿಸುತ್ತದೆ. ಕಾಲುವೆಯ ನೀರು ಸದಾ ಬರುತ್ತಿರುವ ಕುಂಟೆಗೂ, ಕಾಲುವೆ ಕಟ್ಟಿದ ಕುಂಟೆಗೂ ಇರುವ ವ್ಯತ್ಯಾಸವಿದು. ಈ ಒಂದು ಮಾತನ್ನು ಓದದೆ ಸೂತ್ರಕ್ಕೆ ಕೈಹಾಕಿದವರ ಉತ್ತರ ತಪ್ಪುತ್ತದೆ.

ಕಾಣೆಯಾದ ಅರ್ಧ

ಇನ್ನು ಸ್ವಾರಸ್ಯದ ಭಾಗಕ್ಕೆ ಬರೋಣ. ಮೇಲಿನ ಮೊದಲ ಲೆಕ್ಕದಲ್ಲಿ ಶಕ್ತಿಯನ್ನು ಎಣಿಸಿ ನೋಡಿ. ಜೋಡಿಸುವ ಮೊದಲು 40 ಮೈಕ್ರೊಫ್ಯಾರಡಿನಲ್ಲಿ 1.8 ಜೂಲ್ ಶಕ್ತಿಯಿತ್ತು. ಜೋಡಿಸಿದ ಮೇಲೆ ಎರಡರಲ್ಲೂ ಸೇರಿ ಉಳಿದದ್ದು 1.2 ಜೂಲ್. ಆವೇಶ ಒಂದಿಷ್ಟೂ ಸೋರಿಲ್ಲ; ಶಕ್ತಿಯಲ್ಲಿ ಮಾತ್ರ 0.6 ಜೂಲ್ ಕಾಣೆ! ಎರಡೂ ಧಾರಕಗಳು ಸಮನಾಗಿದ್ದರೆ ಕಾಣೆಯಾಗುವುದು ಸರಿಯಾಗಿ ಅರ್ಧ. ಪಠ್ಯಪುಸ್ತಕದಲ್ಲಿ 900 ಪಿಕೊಫ್ಯಾರಡಿನ ಎರಡು ಧಾರಕಗಳ ಉದಾಹರಣೆಯಿದೆ. 100 ವೋಲ್ಟಿಗೆ ತುಂಬಿದ್ದನ್ನು ಖಾಲಿಯದಕ್ಕೆ ಜೋಡಿಸಿದಾಗ 4.5 ಮೈಕ್ರೊಜೂಲ್ ಇದ್ದದ್ದು 2.25 ಮೈಕ್ರೊಜೂಲಿಗೆ ಇಳಿಯುತ್ತದೆ.

ಹಾಗಾದರೆ ಶಕ್ತಿಯ ಸಂರಕ್ಷಣೆ ಎಂಬ ನಿಯಮದ ಗತಿಯೇನು?

ಕುಂಟೆಯ ಬಳಿಗೇ ಹೋಗೋಣ. ತುಂಬಿದ ಕುಂಟೆಯ ನೀರು ಇಬ್ಭಾಗವಾಗಿ ಎರಡು ಸಮ ಕುಂಟೆಗಳಲ್ಲಿ ನಿಂತಾಗ ಮಟ್ಟ ಅರ್ಧಕ್ಕೆ ಇಳಿಯಿತು. ನೀರಿನ ತೂಕ ಅಷ್ಟೇ ಇದ್ದರೂ ಅದರ ಸರಾಸರಿ ಎತ್ತರ ಅರ್ಧವಾಯಿತು. ಎತ್ತರದಲ್ಲಿದ್ದ ಶಕ್ತಿ ಎಲ್ಲಿ ಹೋಯಿತು? ತೂಬಿನ ಬಾಯಲ್ಲಿ ನೀರು ಭೋರೆಂದು ನುಗ್ಗಿದ್ದನ್ನು, ಸುಳಿ ಸುತ್ತಿದ್ದನ್ನು, ನೊರೆಯೆದ್ದದ್ದನ್ನು ನೀವು ನೋಡಲಿಲ್ಲವೇ? ಆ ಗದ್ದಲವೆಲ್ಲ ಅಡಗಿದಾಗ ನೀರು ಕಂಡೂ ಕಾಣದಷ್ಟು ಬೆಚ್ಚಗಾಗಿರುತ್ತದೆ. ಶಕ್ತಿ ಅಳಿದಿಲ್ಲ, ಬಿಸಿಯಾಗಿ ಚೆದುರಿದೆ.

ಧಾರಕಗಳ ನಡುವಿನ ತಂತಿಯಲ್ಲೂ ಇದೇ ಆಗುವುದು. ತಂತಿಗೆ ಸ್ವಲ್ಪವಾದರೂ ರೋಧ ಇದ್ದೇ ಇರುತ್ತದೆ. ಅದರಲ್ಲಿ ವಿದ್ಯುತ್ತು ನುಗ್ಗುವಾಗ ಶಾಖ ಹುಟ್ಟುತ್ತದೆ. ಜೋಡಿಸುವ ಗಳಿಗೆಯಲ್ಲಿ ಕಿಡಿ ಹಾರಿದರೆ ಬೆಳಕು, ಸದ್ದುಗಳಾಗಿಯೂ ಒಂದಿಷ್ಟು ಹೋಗುತ್ತದೆ. ಚೋದ್ಯವೆಂದರೆ, ತಂತಿಯ ರೋಧ ಹೆಚ್ಚಿರಲಿ ಕಡಿಮೆಯಿರಲಿ ಒಟ್ಟು ನಷ್ಟ ಅಷ್ಟೇ. ರೋಧ ಕಡಿಮೆಯಿದ್ದರೆ ಪ್ರವಾಹ ಜೋರಾಗಿ ನುಗ್ಗಿ ಕ್ಷಣದಲ್ಲಿ ಮುಗಿಯುತ್ತದೆ. ಹೆಚ್ಚಿದ್ದರೆ ಸಣ್ಣಗೆ ಹರಿದು ನಿಧಾನವಾಗಿ ಮುಗಿಯುತ್ತದೆ. ನಷ್ಟವನ್ನು ತೀರ್ಮಾನಿಸುವುದು ಎರಡು ಧಾರಕಗಳ ಅಳತೆ ಮತ್ತು ಮೊದಲಿದ್ದ ಮಟ್ಟಗಳ ವ್ಯತ್ಯಾಸ, ಇವೆರಡೇ. ವ್ಯತ್ಯಾಸ ಇಮ್ಮಡಿಯಾದರೆ ನಷ್ಟ ನಾಲ್ಕು ಪಟ್ಟು.

ಪ್ರಥಮ ಪಿಯುಸಿಯಲ್ಲಿ ಓದಿದ ಇನ್ನೊಂದು ಪಾಠ ಇಲ್ಲಿ ನೆನಪಾಗಬೇಕು. ಓಡುವ ಬಂಡಿಯೊಂದು ನಿಂತ ಬಂಡಿಗೆ ಡಿಕ್ಕಿ ಹೊಡೆದು ಎರಡೂ ಅಂಟಿಕೊಂಡು ಮುಂದೆ ಸಾಗಿದರೆ, ಸಂವೇಗ ಉಳಿಯುತ್ತದೆ, ಚಲನಶಕ್ತಿ ಮಾತ್ರ ಕುಗ್ಗುತ್ತದೆ. ಅಲ್ಲಿ ಸಂವೇಗದ ಜಾಗದಲ್ಲಿ ಇಲ್ಲಿ ಆವೇಶ. ವೇಗದ ಜಾಗದಲ್ಲಿ ವೋಲ್ಟೇಜು. ರಾಶಿಯ ಜಾಗದಲ್ಲಿ ಧಾರಕತೆ. ಎರಡು ಪಾಠಗಳ ಸೂತ್ರವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದೆ. ಆದ್ದರಿಂದ ಇಂಥ ಲೆಕ್ಕದಲ್ಲಿ ಶಕ್ತಿ ಮೊದಲೂ ಆಮೇಲೂ ಸಮ ಎಂದು ಬರೆಯಹೊರಟರೆ ದಾರಿ ತಪ್ಪಿದಂತೆಯೇ. ಸಮ ಎಂದು ಬರೆಯಬೇಕಾದದ್ದು ಆವೇಶ.

ತಂತಿಯಲ್ಲಿ ರೋಧವೇ ಇಲ್ಲದಿದ್ದರೆ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಬಹುದು. ಆಗ ನೀರು ಒಂದು ಕುಂಟೆಯಿಂದ ಇನ್ನೊಂದಕ್ಕೆ ನುಗ್ಗಿ, ಮಟ್ಟ ಸಮವಾದರೂ ನಿಲ್ಲದೆ ಮುಂದೆ ಹೋಗಿ, ತಿರುಗಿ ಬಂದು, ತೊಟ್ಟಿಲಿನಂತೆ ತೂಗಾಡುತ್ತದೆ. ವಿದ್ಯುತ್ತೂ ಹೀಗೆ ತೂಗಾಡುವುದುಂಟು. ಅಮೆರಿಕದ ಜೋಸೆಫ್ ಹೆನ್ರಿ 1842ರಲ್ಲಿ ಇದನ್ನು ಗುರುತಿಸಿದ, ವಿಲಿಯಂ ಥಾಮ್ಸನ್ 1853ರಲ್ಲಿ ಗಣಿತ ಬರೆದ. ಈ ತೂಗಾಟದಿಂದ ಹೊಮ್ಮುವ ಅಲೆಗಳನ್ನೇ 1887–88ರಲ್ಲಿ ಜರ್ಮನಿಯ ಹೈನ್‌ರಿಕ್ ಹರ್ಟ್ಸ್ ಹಿಡಿದು ತೋರಿಸಿದ್ದು. ಮುಂದೆ ಅದೇ ರೇಡಿಯೊ ಆಯಿತು. ಜೊತೆಗೆ ಇನ್ನೊಂದು ಉಪಯೋಗವೂ ಇದೆ. ಎರಡು ಸಮ ಧಾರಕಗಳ ನಡುವೆ ತಂತಿಸುರುಳಿಯೊಂದನ್ನಿಟ್ಟು, ನೀರೆಲ್ಲ ಆಚೆ ಕುಂಟೆಗೆ ಹೋದ ಗಳಿಗೆಯಲ್ಲೇ ತೂಬು ಮುಚ್ಚಿದರೆ ಹೆಚ್ಚು ನಷ್ಟವಿಲ್ಲದೆ ಶಕ್ತಿಯನ್ನು ಸಾಗಿಸಬಹುದು. ಕಂಪ್ಯೂಟರು, ಟೀವಿಗಳ ಪವರ್ ಸಪ್ಲೈಗಳಲ್ಲಿ ಸುರುಳಿಗಳೂ ವೇಗದ ಸ್ವಿಚ್ಚುಗಳೂ ಸೇರಿ ಮಾಡುವ ಕೆಲಸದ ಹಿಂದಿರುವುದು ಇಂಥದೇ ಉಪಾಯ.

ಸಾಲಾಗಿ ನಿಂತರೆ ಚಿಕ್ಕವನ ಮೇಲೆ ಹೊರೆ

ಇಲ್ಲಿಯವರೆಗೆ ನೋಡಿದ್ದು ಪಕ್ಕಪಕ್ಕದ ಜೋಡಣೆ, ಅಂದರೆ ಸಮಾಂತರ ಜೋಡಣೆ. ಅದರಲ್ಲಿ ಧಾರಕತೆಗಳು ಕೂಡುತ್ತವೆ. 50 ಮೈಕ್ರೊಫ್ಯಾರಡಿನ ಕಂಡೆನ್ಸರ್ ಅಂಗಡಿಯಲ್ಲಿ ಸಿಗದಿದ್ದಾಗ ಮೆಕ್ಯಾನಿಕ್ಕು 25ರ ಎರಡನ್ನು ಸೇರಿಸಿ ಕಟ್ಟುವುದು ಇದೇ ಕಾರಣಕ್ಕೆ. ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿದರೆ ಅದು ಶ್ರೇಣಿ ಜೋಡಣೆ. ಅಲ್ಲಿ ನಿಯಮ ತಿರುವುಮುರುವು.

ಶ್ರೇಣಿಯಲ್ಲಿ ಎಲ್ಲ ಧಾರಕಗಳಿಗೂ ಸಿಗುವ ಆವೇಶ ಒಂದೇ. ನಡುವೆ ಸಿಕ್ಕಿಕೊಂಡ ಹಾಳೆಗಳಿಗೆ ಹೊರಗಿನ ಸಂಪರ್ಕವಿಲ್ಲ. ಒಂದರಿಂದ ಸರಿದದ್ದೇ ಇನ್ನೊಂದಕ್ಕೆ ಸೇರಬೇಕು. ಒಂದೇ ಕೊಡ ನೀರನ್ನು ಅಗಲವಾದ ಬಾನಿಗೆ ಸುರಿದರೆ ಬೆರಳುದ್ದ ನಿಲ್ಲುತ್ತದೆ, ಕಿರಿದಾದ ಹಂಡೆಗೆ ಸುರಿದರೆ ಮೊಳದುದ್ದ ನಿಲ್ಲುತ್ತದೆ. ಹಾಗೆಯೇ ಶ್ರೇಣಿಯಲ್ಲಿ ಚಿಕ್ಕ ಧಾರಕದ ಮೇಲೆ ಹೆಚ್ಚು ವೋಲ್ಟೇಜು ಬೀಳುತ್ತದೆ.

10 ಮತ್ತು 40 ಮೈಕ್ರೊಫ್ಯಾರಡುಗಳನ್ನು ಶ್ರೇಣಿಯಲ್ಲಿಟ್ಟು 400 ವೋಲ್ಟ್ ಕೊಟ್ಟೆವು ಎನ್ನಿ. ಒಟ್ಟು ಧಾರಕತೆ 8 ಮೈಕ್ರೊಫ್ಯಾರಡ್. ಎರಡಕ್ಕೂ 3,200 ಮೈಕ್ರೊಕೂಲಂ. ಚಿಕ್ಕದರ ಮೇಲೆ 320 ವೋಲ್ಟ್, ದೊಡ್ಡದರ ಮೇಲೆ ಬರೀ 80. ತಲಾ 250 ವೋಲ್ಟ್ ತಡೆಯುವ ಎರಡನ್ನು ಸೇರಿಸಿದರೆ 500 ತಡೆಯುತ್ತವೆ ಎಂದು ನಂಬಿದವರ ಚಿಕ್ಕ ಕಂಡೆನ್ಸರ್ ಮೊದಲು ಸುಡುತ್ತದೆ. ಅದು ಒಳಗೇ ಕೂಡಿಕೊಂಡು ಬಿಟ್ಟರೆ ಪೂರಾ 400 ದೊಡ್ಡದರ ಮೇಲೆ ಬಿದ್ದು ಅದೂ ಹೋಗುತ್ತದೆ. ದೊಡ್ಡ ಸಬ್‌ಸ್ಟೇಷನ್ನುಗಳಲ್ಲಿ ಸಾಲು ಸಾಲಾಗಿ ನಿಲ್ಲಿಸಿದ ಕೆಪಾಸಿಟರ್ ಬ್ಯಾಂಕುಗಳಲ್ಲಿ ಒಂದು ಡಬ್ಬಿ ಕೆಟ್ಟಾಗ ಉಳಿದವುಗಳ ಮೇಲಿನ ಹೊರೆ ಬದಲಾಗುವುದನ್ನು ಗಮನಿಸಲೆಂದೇ ರಕ್ಷಣೆಯ ಉಪಕರಣ ಇಟ್ಟಿರುತ್ತಾರೆ. ನೇರ ವಿದ್ಯುತ್ತಿನಲ್ಲಿ ಶ್ರೇಣಿಯ ಧಾರಕಗಳನ್ನು ಬಹುಹೊತ್ತು ಇಡಬೇಕಾದರೆ ಪ್ರತಿಯೊಂದಕ್ಕೂ ಅಡ್ಡಲಾಗಿ ಒಂದೊಂದು ರೋಧಕ ಕೂರಿಸಿ ಪಾಲನ್ನು ಸರಿದೂಗಿಸುವುದು ವಾಡಿಕೆ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಇದೇ ಎರಡನ್ನು ಮೂಲದಿಂದ ಬಿಡಿಸಿ, ಧನಕ್ಕೆ ಧನ ಸೇರಿಸಿ ಪಕ್ಕಪಕ್ಕ ಜೋಡಿಸಿದರೆ ಎಷ್ಟು ವೋಲ್ಟ್? 6,400 ÷ 50, ಅಂದರೆ 128. ನಷ್ಟವಾದ ಶಕ್ತಿ ಎಷ್ಟೆಂದು ನೀವೇ ಮಾಡಿ ನೋಡಿ, 0.23 ಜೂಲಿನಷ್ಟು ಬಂದರೆ ಸರಿ.

ಲೈಡನ್ನಿನ ಜಾಡಿಯಿಂದ ಜೇಬಿನ ಫೋನಿನವರೆಗೆ

ಧಾರಕದ ಕತೆ ಶುರುವಾದದ್ದೇ ಪೆಟ್ಟಿನಿಂದ. 1745ರಲ್ಲಿ ಜರ್ಮನಿಯ ಪಾದ್ರಿ ಫಾನ್ ಕ್ಲೈಸ್ಟ್, ಮರುವರ್ಷ ಹಾಲೆಂಡಿನ ಲೈಡನ್ ನಗರದ ಪ್ರೊಫೆಸರ್ ಮುಸೆನ್‌ಬ್ರುಕ್, ನೀರು ತುಂಬಿದ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಕೂಡಿಡಹೋಗಿ ಜೋರಾದ ಆಘಾತ ಅನುಭವಿಸಿದರು. ಇಂಥ ಸಾಹಸವನ್ನು ನೀವು ಮಾಡಬೇಡಿ ಎಂದು ಮುಸೆನ್‌ಬ್ರುಕ್ ಪ್ಯಾರಿಸ್ಸಿನ ಮಿತ್ರನಿಗೆ ಪತ್ರ ಬರೆದ. ಎಚ್ಚರಿಕೆ ಯಾರು ಕೇಳುತ್ತಾರೆ? ಅದೇ 1746ರಲ್ಲಿ ಫ್ರಾನ್ಸಿನ ದೊರೆ 15ನೇ ಲೂಯಿಯ ಮುಂದೆ 180 ಮಂದಿ ಕಾವಲು ಸೈನಿಕರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಜಾಡಿಯ ಪೆಟ್ಟಿಗೆ ಎಲ್ಲರೂ ಒಟ್ಟಿಗೇ ಹಾರುವಂತೆ ಮಾಡಿ ತೋರಿಸಲಾಯಿತು. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ 1770ರ ದಶಕದಲ್ಲಿ ವಸ್ತುಗಳನ್ನು ತಂತಿಯಿಂದ ಜೋಡಿಸಿ ಯಾವುದಕ್ಕೆ ಎಷ್ಟು ಪಾಲು ಹೋಗುತ್ತದೆಂದು ಅಳೆದ. ಜೋಡಿಸಿದಾಗ ಸಮವಾಗುವ ಒಂದು ‘ಮಟ್ಟ’ವಿದೆ ಎಂಬ ತಿಳಿವಳಿಕೆ ಅವನಲ್ಲಿತ್ತು. ಸಂಕೋಚದ ಮನುಷ್ಯ, ಬಹುಪಾಲನ್ನು ಪ್ರಕಟಿಸಲೇ ಇಲ್ಲ. ನೂರು ವರ್ಷದ ನಂತರ, 1879ರಲ್ಲಿ ಮ್ಯಾಕ್ಸ್‌ವೆಲ್ ಅವನ ಟಿಪ್ಪಣಿಗಳನ್ನು ಸಂಪಾದಿಸಿ ಹೊರತಂದ.

ಈ ಹಳೆಯ ಪಾಲುಪಟ್ಟಿ ಇಂದು ಎಲ್ಲರ ಜೇಬಿನಲ್ಲೂ ಇದೆ. ಕಂಪ್ಯೂಟರು ಮತ್ತು ಮೊಬೈಲ್ ಫೋನುಗಳ ಕೆಲಸದ ಸ್ಮರಣೆಯಲ್ಲಿ, ಅಂದರೆ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಕಲ್ಪಿಸಿದ ಮಾದರಿಯಲ್ಲಿ, ಒಂದೊಂದು ಮಾಹಿತಿಗೂ ಒಂದೊಂದು ಅತಿ ಪುಟ್ಟ ಧಾರಕ. ಅದು ತುಂಬಿದ್ದರೆ 1, ಬರಿದಾಗಿದ್ದರೆ 0. ಓದಬೇಕಾದಾಗ ಆ ಪುಟ್ಟ ಕುಂಟೆಯನ್ನು ಅದಕ್ಕಿಂತ ಹಲವು ಪಟ್ಟು ಅಗಲದ, ಅರ್ಧ ಮಟ್ಟಕ್ಕೆ ತುಂಬಿದ ಕಾಲುವೆಗೆ ಜೋಡಿಸುತ್ತಾರೆ. ಉದಾಹರಣೆಗೆ ಕಾಲುವೆ ಐದು ಪಟ್ಟು ದೊಡ್ಡದು, ಅದರ ಮಟ್ಟ 0.6 ವೋಲ್ಟ್ ಎನ್ನಿ. ಕುಂಟೆ 1.2 ವೋಲ್ಟಿಗೆ ತುಂಬಿದ್ದರೆ ಸೇರಿದ ಮಟ್ಟ 0.7, ಬರಿದಾಗಿದ್ದರೆ 0.5. ಈ ಕೂದಲೆಳೆಯ ವ್ಯತ್ಯಾಸವನ್ನು ಗ್ರಹಿಸಿ ಯಂತ್ರ 1 ಅಥವಾ 0 ಎನ್ನುತ್ತದೆ. ಓದುವಾಗಲೇ ಕುಂಟೆಯ ಮಟ್ಟ ಕೆಟ್ಟುಹೋಗುವುದರಿಂದ ಓದಿದ ಕೂಡಲೇ ಮತ್ತೆ ತುಂಬಬೇಕು. ನೀವು ಪರೀಕ್ಷೆಯಲ್ಲಿ ಮಾಡುವ ಲೆಕ್ಕವನ್ನು ಅದು ಕ್ಷಣಕ್ಕೆ ಕೋಟಿಗಟ್ಟಲೆ ಬಾರಿ ಮಾಡುತ್ತಿರುತ್ತದೆ.

ದೂರ ಹೋಗುವುದೇಕೆ? ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ ಸೋಲಾರ್ ಪಾರ್ಕನ್ನು ನೋಡಿರುತ್ತೀರಿ. ರೈತರಿಂದ ಗುತ್ತಿಗೆಗೆ ಪಡೆದ ಜಮೀನಿನಲ್ಲಿ 2018ರಲ್ಲಿ ಉತ್ಪಾದನೆ ಆರಂಭಿಸಿ, 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಸಾಮರ್ಥ್ಯ ಮುಟ್ಟಿದ ಪಾರ್ಕು ಅದು. ಬಿಸಿಲಿನ ಫಲಕಗಳು ಕೊಡುವ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಮಾಡುವ ಇನ್ವರ್ಟರುಗಳ ಹೊಟ್ಟೆಯಲ್ಲಿ ಕೆಪಾಸಿಟರುಗಳ ಸಾಲೇ ಇರುತ್ತದೆ. ಬೆಳಗ್ಗೆ ಬರಿದಾದ ಕೆಪಾಸಿಟರುಗಳನ್ನು ನೇರವಾಗಿ ಹೆಚ್ಚಿನ ವೋಲ್ಟೇಜಿಗೆ ಜೋಡಿಸಿದರೆ ಮೊದಲ ನೂಕಿಗೇ ಸ್ವಿಚ್ಚಿನ ಕಚ್ಚುಗಳು ಕರಗಬಹುದು. ಅದಕ್ಕೆಂದು ಇಂಥ ಉಪಕರಣಗಳಲ್ಲಿ ಮೊದಲು ಒಂದು ರೋಧಕದ ಮೂಲಕ ಮೆಲ್ಲಗೆ ತುಂಬಿಸಿ, ಮಟ್ಟ ಹತ್ತಿರ ಬಂದ ಮೇಲೆ ಮುಖ್ಯ ಸ್ವಿಚ್ಚನ್ನು ಹಾಕುವ ವ್ಯವಸ್ಥೆ ಇರುತ್ತದೆ. ತೂಬನ್ನು ಒಮ್ಮೆಲೇ ಎತ್ತದೆ ಸ್ವಲ್ಪ ಸ್ವಲ್ಪವೇ ಎತ್ತುವ ನೀರುಗಂಟಿಯ ಜಾಣತನವಿದು.

ಮನೆಯಲ್ಲೇ ಮಾಡಿ ನೋಡಿ

ಅಪಾಯವಿಲ್ಲದ ಒಂದು ಪ್ರಯೋಗ ಇಲ್ಲಿದೆ. ರೇಡಿಯೊ ರಿಪೇರಿ ಅಂಗಡಿಯಲ್ಲಿ 1,000 ಮೈಕ್ರೊಫ್ಯಾರಡ್, 25 ವೋಲ್ಟಿನ ಎರಡು ಕೆಪಾಸಿಟರ್ ಕೊಳ್ಳಿ. 9 ವೋಲ್ಟಿನ ಚಿಕ್ಕ ಬ್ಯಾಟರಿ, ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಆಯಿತು. ಈ ಬಗೆಯ ಕೆಪಾಸಿಟರಿನ ಮೈಮೇಲೆ ಋಣದ ತಂತಿ ಯಾವುದೆಂದು ಪಟ್ಟೆಯಲ್ಲಿ ಗುರುತು ಹಾಕಿರುತ್ತಾರೆ. ಅದನ್ನು ಬ್ಯಾಟರಿಯ ಋಣಕ್ಕೇ ಜೋಡಿಸಬೇಕು, ತಪ್ಪಬಾರದು.

ಒಂದನ್ನು ಬ್ಯಾಟರಿಗೆ ಮುಟ್ಟಿಸಿ ತುಂಬಿಸಿ, ಬಿಡಿಸಿ, ಅಳೆಯಿರಿ: 9 ವೋಲ್ಟಿನ ಆಸುಪಾಸು. ಈಗ ಅದನ್ನು ಖಾಲಿಯದಕ್ಕೆ ಧನಕ್ಕೆ ಧನವಾಗಿ ಮುಟ್ಟಿಸಿ. ಎರಡರಲ್ಲೂ ಸುಮಾರು 4.5 ಬರುತ್ತದೆ. ಎರಡನೆಯದನ್ನು ಬಿಡಿಸಿ ಸಣ್ಣ ರೋಧಕವೊಂದರ ಮೂಲಕ ಬರಿದುಮಾಡಿ ಮತ್ತೆ ಜೋಡಿಸಿ: 2.25. ಇನ್ನೊಮ್ಮೆ: 1.1ರ ಸುಮಾರು. ಪ್ರತಿ ಸಲವೂ ಅರ್ಧ. ಅಂಕಿಗಳು ತುಸು ಆಚೀಚೆ ಬಂದರೆ ಗಾಬರಿ ಬೇಡ. ಈ ಬಗೆಯ ಕೆಪಾಸಿಟರುಗಳು ಬರೆದ ಅಳತೆಗಿಂತ ಶೇಕಡ 20ರಷ್ಟು ಹೆಚ್ಚು ಕಡಿಮೆ ಇರುವುದುಂಟು. ಎರಡನೆಯದರ ಅಳತೆ ಅಳಿಸಿಹೋಗಿದ್ದರೆ ಇದೇ ವಿಧಾನದಿಂದ ಅದನ್ನು ಕಂಡುಹಿಡಿಯಬಹುದು. 9 ವೋಲ್ಟ್ ಇದ್ದದ್ದು 6ಕ್ಕೆ ನಿಂತರೆ ಎರಡನೆಯದು ಮೊದಲನೆಯದರ ಅರ್ಧ ಎಂದಾಯಿತು. ಕ್ಯಾವೆಂಡಿಷ್ ಮಾಡಿದ್ದೂ ಈ ಜಾತಿಯ ಹೋಲಿಕೆಯನ್ನೇ.

ತೋಟದ ಪೆಟ್ಟಿಗೆಯ ಮುಂದೆ

ಕೊನೆಗೆ ತಂದೆತಾಯಿಗಳೂ ಕೇಳಬೇಕಾದ ಮಾತು. ಸಿಂಗಲ್ ಫೇಸ್ ಮೋಟಾರಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಎರಡು ಕಂಡೆನ್ಸರ್ ಇರುತ್ತವೆ. ಒಂದು ಮೋಟಾರನ್ನು ಎಬ್ಬಿಸುವುದಕ್ಕೆ, ಇನ್ನೊಂದು ಓಡಿಸುತ್ತಿರುವುದಕ್ಕೆ. ತ್ರೀ ಫೇಸ್ ಮೋಟಾರಿಗೂ ಲೈನಿನ ಮೇಲಿನ ಹೊರೆ ಇಳಿಸಲು ಕಂಡೆನ್ಸರ್ ಹಾಕುತ್ತಾರೆ. ಮೂರು ಫೇಸಿನ ಮೋಟಾರನ್ನು ಎರಡು ಫೇಸಿನಲ್ಲಿ ದಬ್ಬಿ ಓಡಿಸಲು ಕಂಡೆನ್ಸರ್ ಕಟ್ಟುವವರೂ ಉಂಟು. ಅದರಿಂದ ಮೋಟಾರಿನ ಸುರುಳಿ ಬಿಸಿಯೇರಿ ಸುಡುವ ಭಯ ಇದ್ದೇ ಇದೆ.

ಕರೆಂಟು ಹೋದರೆ ಪೆಟ್ಟಿಗೆ ಸತ್ತಿತೆಂದು ಎಲ್ಲರೂ ನಂಬುತ್ತಾರೆ. ಆದರೆ ಕುಂಟೆಯಲ್ಲಿ ನೀರು ಉಳಿದಿರಬಹುದು. 230 ವೋಲ್ಟ್ ಎಂಬುದು ಪರ್ಯಾಯ ವಿದ್ಯುತ್ತಿನ ಒಂದು ಬಗೆಯ ಸರಾಸರಿ. ಅದರ ತುದಿ 325 ವೋಲ್ಟಿನವರೆಗೆ ಏರುತ್ತದೆ. 415ರ ತುದಿ ಸುಮಾರು 587. ಆಫ್ ಮಾಡಿದ ಗಳಿಗೆಯಲ್ಲಿ ಮಟ್ಟ ಎಲ್ಲಿತ್ತೋ ಅಲ್ಲೇ ಕಂಡೆನ್ಸರ್ ನಿಂತುಬಿಡಬಹುದು. ಓಟದ ಕಂಡೆನ್ಸರ್ ಬಹುಪಾಲು ಮೋಟಾರಿನ ಸುರುಳಿಯ ಮೂಲಕ ತಾನೇ ಬರಿದಾಗುತ್ತದೆ. ಮೋಟಾರು ಎದ್ದ ಕೂಡಲೇ ಕಳಚಿಕೊಳ್ಳುವ ಇನ್ನೊಂದಕ್ಕೆ, ಇಲ್ಲವೇ ತಂತಿ ಬಿಚ್ಚಿಟ್ಟ ಯಾವುದಕ್ಕೇ ಆಗಲಿ, ಆ ದಾರಿಯಿಲ್ಲ. ಬರಿದುಮಾಡುವ ರೋಧಕ ಇರದಿದ್ದರೆ, ಅಥವಾ ಇದ್ದೂ ಕೆಟ್ಟಿದ್ದರೆ, ಬಹಳ ಹೊತ್ತಿನ ನಂತರವೂ ಪೆಟ್ಟು ಕಾದಿರುತ್ತದೆ. 36 ಮೈಕ್ರೊಫ್ಯಾರಡಿನ ಒಂದು ಕಂಡೆನ್ಸರ್ 325 ವೋಲ್ಟಿನಲ್ಲಿ ಹಿಡಿದಿಡುವುದು 1.9 ಜೂಲ್. ಮೈ ಒದ್ದೆಯಾಗಿದ್ದಾಗ, ಬಾವಿಯ ಅಂಚಿನಲ್ಲೋ ಏಣಿಯ ಮೇಲೋ ನಿಂತಿದ್ದಾಗ, ಅದರ ಪೆಟ್ಟಿಗೆ ಬೆದರಿ ಬೀಳುವುದೂ ದೊಡ್ಡ ಅನಾಹುತವೇ.

ಪಾಲುಪಟ್ಟಿಯ ಪಾಠ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ತುಂಬಿದ ಹಳೆಯ ಕಂಡೆನ್ಸರಿಗೆ ಅಷ್ಟೇ ಅಳತೆಯ ಖಾಲಿ ಹೊಸದನ್ನು ಮುಟ್ಟಿಸಿದರೆ ಶಕ್ತಿಯ ಅರ್ಧ ಆ ಕ್ಷಣದ ಕಿಡಿಯಲ್ಲಿ ಹೋಗುತ್ತದೆ. ಉಳಿದದ್ದು ಸುಮ್ಮನೆ ಹೋಗುವುದಿಲ್ಲ. ಎರಡರಲ್ಲೂ 162 ವೋಲ್ಟಿನಷ್ಟು ನಿಂತಿರುತ್ತದೆ. ಅಪಾಯಕಾರಿ ಡಬ್ಬಿ ಒಂದಿದ್ದದ್ದು ಎರಡಾಯಿತು! ಹಂಚಿಕೆಯಿಂದ ಕುಂಟೆ ಬರಿದಾಗದು. ಪ್ರತಿಯೊಂದನ್ನೂ ಬೇರೆ ಬೇರೆಯಾಗಿಯೇ ಬರಿದುಮಾಡಬೇಕು. ಸ್ಕ್ರೂಡ್ರೈವರನ್ನು ಅಡ್ಡ ಇಟ್ಟು ಠಪ್ಪೆನಿಸುವುದು ಸರಿಯಾದ ಕ್ರಮವಲ್ಲ. ಲೋಹ ಸಿಡಿದು ಕಣ್ಣಿಗೆ ಬೀಳಬಹುದು. ತಕ್ಕ ರೋಧಕದ ಮೂಲಕ ಬರಿದುಮಾಡಿ, ಮೀಟರಿನಲ್ಲಿ ನೋಡಿ ಖಾತ್ರಿಪಡಿಸಿಕೊಳ್ಳುವುದು ತಿಳಿದ ಎಲೆಕ್ಟ್ರಿಷಿಯನ್ನರ ಕ್ರಮ. ದೊಡ್ಡ ಕೆಪಾಸಿಟರುಗಳಲ್ಲಿ ಒಮ್ಮೆ ಬರಿದಾದ ಮೇಲೂ ಒಳಪದರದಿಂದ ಸ್ವಲ್ಪ ವೋಲ್ಟೇಜು ಮತ್ತೆ ಊರುವುದುಂಟು, ತೋಡಿದ ಹೊಂಡದಲ್ಲಿ ನೀರು ಒಸರುವಂತೆ. ಅದಕ್ಕೇ ಕೆಲಸ ಮುಗಿಯುವವರೆಗೆ ಎರಡು ತುದಿಗಳನ್ನೂ ತಂತಿಯಿಂದ ಕಟ್ಟಿಟ್ಟಿರುತ್ತಾರೆ.

ಇದೆಲ್ಲ ತಿಳಿದವರ ಕೆಲಸ. ವಿದ್ಯಾರ್ಥಿಗಳು ಮಾಡಬೇಕಾದ್ದು ಇಷ್ಟೇ: ಪೆಟ್ಟಿಗೆಯ ಹೊರಗಿನ ಗುಂಡಿಯನ್ನು ಒಣಗಿದ ಕೈಯಿಂದ ಒತ್ತುವುದು, ಮುಚ್ಚಳದ ಒಳಗೆ ಕೈಹಾಕದಿರುವುದು, ಬಿಚ್ಚಿ ಬಿಸಾಡಿದ ಕಂಡೆನ್ಸರನ್ನು ಆಟಕ್ಕೆ ಎತ್ತಿಕೊಳ್ಳದಿರುವುದು. ಹಿರಿಯರು ಮಾಡಬೇಕಾದ್ದು ಇನ್ನೂ ಒಂದಿದೆ. ಮುಂದಿನ ಸಲ ಮೆಕ್ಯಾನಿಕ್ಕು ಪೆಟ್ಟಿಗೆ ತೆರೆದಾಗ ಕಂಡೆನ್ಸರುಗಳಿಗೆ ಅಡ್ಡಲಾಗಿ ಬರಿದುಮಾಡುವ ರೋಧಕ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಹಾಕಿಸಿ. ಅದರ ಬೆಲೆ ಹೆಚ್ಚೇನಿಲ್ಲ. ಪಿಯುಸಿ ಓದುವ ಮಗನೋ ಮಗಳೋ ಪಕ್ಕದಲ್ಲಿದ್ದರೆ, ಅದು ಎಷ್ಟು ಹೊತ್ತಿನಲ್ಲಿ ಕುಂಟೆಯನ್ನು ಬರಿದುಮಾಡುತ್ತದೆಂದು ಲೆಕ್ಕ ಹಾಕಿ ಹೇಳಲು ಬಿಡಿ. ರೋಧವನ್ನು ಧಾರಕತೆಯಿಂದ ಗುಣಿಸಿ, ಬಂದ ಸೆಕೆಂಡುಗಳನ್ನು ಐದು ಪಟ್ಟು ಮಾಡಿದರೆ ಹೆಚ್ಚುಕಡಿಮೆ ಉತ್ತರ ಸಿಗುತ್ತದೆ.